ಒಂದು ಇಲಿಗೆ ಒಂದು ನಿಮಿಷ

ಬೆಳಗಿನ ಐದೂವರೆ. ಕಿಟಕಿಯಿಲ್ಲದ ಈ ಕೋಣೆಗೆ ಸೂರ್ಯ ಬರುವುದಿಲ್ಲ. ಗೋಡೆಯ ಟೈಮರ್ ಕ್ಲಿಕ್ ಎಂದರೆ ಬೆಳಗಾಯಿತು ಅಂತ. ಟ್ಯೂಬ್‌ಲೈಟಿನಡಿ ಮಾಸಿದ ಹಸಿರು ಕೋಟಿನ ಹೆಂಗಸೊಬ್ಬರು ಮೊದಲ ಡಬ್ಬಿಯ ಮುಚ್ಚಳ ತೆಗೆದು ಬಿಳಿ ಇಲಿಯೊಂದನ್ನು ಅಂಗೈಗೆ ಎತ್ತಿಕೊಳ್ಳುತ್ತಾರೆ. ಕಣ್ಣು ಇಲಿಯ ಮೇಲಲ್ಲ, ಕೊರಳಿಗೆ ನೇತುಹಾಕಿದ ಗಡಿಯಾರದ ಮೇಲೆ. ಅರವತ್ತು ಸೆಕೆಂಡ್. ಕೆಳಗಿಳಿಸು. ಮುಂದಿನದು.

ಸಂಶೋಧನಾಲಯದಲ್ಲಿ ಎಲ್ಲರಿಗೂ ಇವರು ಇಲಿಯಕ್ಕ. ವಯಸ್ಸು ಐವತ್ತಮೂರು. ಒಂಬತ್ತು ವರ್ಷದಿಂದ ಇದೇ ಕೆಲಸ: ಡಬ್ಬಿ ತೊಳೆ, ಹೊಟ್ಟು ಬದಲಿಸು, ನೀರಿನ ಬಾಟಲಿ ತುಂಬು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಬೆಕ್ಕೂ ಇಲ್ಲ, ಚೆಲ್ಲಾಟವೂ ಇಲ್ಲ. ಉಳಿದದ್ದು ಮಾತ್ರ ಇದೆ.

ಈಗ ನಡೆಯುತ್ತಿರುವುದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಅಧ್ಯಯನ. ನಲವತ್ತೆಂಟು ಹೆಣ್ಣಿಲಿಗಳ ಅಂಡಾಶಯ ತೆಗೆದಿದ್ದಾರೆ. ಅರ್ಧಕ್ಕೆ ದಿನವೂ ಎಣ್ಣೆಯಲ್ಲಿ ಕಲಸಿದ ಹಾರ್ಮೋನಿನ ಚುಚ್ಚುಮದ್ದು, ಉಳಿದರ್ಧಕ್ಕೆ ಬರೀ ಎಣ್ಣೆ. ಕೊನೆಗೆ ಒಂದೊಂದನ್ನೂ ನೀರು ತುಂಬಿದ ಗಾಜಿನ ಪಾತ್ರೆಗೆ ಬಿಡುತ್ತಾರೆ. ಕೈಕಾಲು ಬಡಿಯುತ್ತದೋ, ಸುಮ್ಮನೆ ತೇಲುತ್ತದೋ? ತೇಲಿದ ಸೆಕೆಂಡುಗಳೇ ಖಿನ್ನತೆಯ ಅಳತೆ. ಹಾರ್ಮೋನು ಸಿಕ್ಕವು ಹೆಚ್ಚು ಹೊತ್ತು ಈಜುತ್ತವೆ ಎಂಬುದು ನಿರೀಕ್ಷೆ. ಪರೀಕ್ಷೆ ಮುಗಿದ ಮೇಲೆ ಯಾವುದೂ ಡಬ್ಬಿಗೆ ಮರಳುವುದಿಲ್ಲ. ಮಿದುಳು ತೆಗೆದು ನೋಡುತ್ತಾರೆ.

ಯಾವುದಕ್ಕೆ ಏನು ಚುಚ್ಚಿದ್ದಾರೆಂದು ಇಲಿಯಕ್ಕನಿಗೆ ಯಾರೂ ಹೇಳುವುದಿಲ್ಲ. "ಹೇಳೋದ್ಯಾಕೆ? ಕಾಗದದ ಚೂರು ಹಾಕಿದ್ರೆ ಗೊತ್ತಾಗುತ್ತೆ. ಮದ್ದು ಸಿಕ್ಕಿದ್ದು ಹರಿದು, ಕಚ್ಚಿ, ಗೂಡು ಕಟ್ಕೊಂಡು ದೊಡ್ಡ ಸಂಸಾರಸ್ಥೆ ಥರ ಕೂತಿರುತ್ತೆ. ಸಿಗದೇ ಇರೋದು ಮೂಲೇಲಿ, ಗೋಡೆ ನೋಡ್ಕೊಂಡು."

ಗೋಡೆ ನೋಡುವುದು ಇವರಿಗೆ ಹೊಸದಲ್ಲ. ನಲವತ್ತೆರಡಕ್ಕೆ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡ ಮೇಲೆ ಒಂದು ವರ್ಷ ಹಾಸಿಗೆ ಬಿಟ್ಟೇಳಲಿಲ್ಲ. "ಅತ್ತೆ 'ಸೋಮಾರಿ' ಅಂದ್ರು. ಗಂಡ 'ನಾಟಕ' ಅಂದ. ತಂಗಿ ಮಾತ್ರ ದಿನಾ ಬಂದು ಕೈ ಹಿಡ್ಕೊಂಡು ಕೂರ್ತಿದ್ಲು. ಮಾತಿಲ್ಲ, ಕಥೆಯಿಲ್ಲ."

ಇದೇ ಅಧ್ಯಯನದಲ್ಲಿ ಹೋದ ಸಲ ಇವರು ಮಾಡಿದ ತಪ್ಪಿನ ಬೇರು ಅಲ್ಲಿದೆ. ಮೂಲೆ ಹಿಡಿದ ಇಲಿಗಳನ್ನಷ್ಟೇ ಇವರು ಐದು ವಾರ ದಿನವೂ ಎತ್ತಿಕೊಂಡು, ಅಂಗೈಯಲ್ಲಿ ಬೆಚ್ಚಗಿಟ್ಟುಕೊಂಡು ಮಾತಾಡಿಸಿದರು. ಪರೀಕ್ಷೆಯ ದಿನ ಬರೀ ಎಣ್ಣೆಯವೂ ಜಿದ್ದಿಗೆ ಬಿದ್ದು ಈಜಿದವು. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ.

ಸಂಶೋಧನೆಯ ಮುಖ್ಯಸ್ಥೆ ಮೇಡಂ ಕನ್ನಡಕ ಮೇಲೇರಿಸಿದ ಪರಿಯನ್ನು ಇಲಿಯಕ್ಕ ಈಗಲೂ ಥೇಟ್ ಹಾಗೇ ಮಾಡಿ ತೋರಿಸುತ್ತಾರೆ, ಮೂಗಿನ ದನಿಯ ಸಮೇತ. "'ಇದು ಹೇಗೆ ಸಾಧ್ಯ? ಔಷಧಿ ಅದಲುಬದಲು ಮಾಡಿದ್ರಾ?' ಅಂತ ಚುಚ್ಚುಮದ್ದು ಕೊಡೋರನ್ನ ಬೈತಾ ಇದ್ರು. ನಾನೇ ಹೋಗಿ ಅಂದೆ, 'ಅವರನ್ನ ಬಿಡಿ ಮೇಡಂ, ಔಷಧಿ ಸರಿಯಾಗೇ ಇದೆ. ನನ್ನ ಕೈಯೇ ಸುಮ್ನಿರ್ಲಿಲ್ಲ.'"

ಅಣಕ ಅಲ್ಲಿಗೆ ನಿಲ್ಲುತ್ತದೆ. ಮೇಡಂ ಬೈಯಲಿಲ್ಲವಂತೆ. ಕುರ್ಚಿ ಎಳೆದು ಕೂರಿಸಿ ಹೇಳಿದ್ದಿಷ್ಟೇ: "ಇದೆಲ್ಲ ಮೊದಲಿಂದ ಮಾಡ್ಬೇಕು ಅಕ್ಕ. ಇನ್ನೂ ನಲವತ್ತೆಂಟು ತರಿಸ್ಬೇಕು."

"ಕರುಣೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ಇಲಿಯಕ್ಕ, ಬಾಟಲಿಯೊಳಗೆ ಬ್ರಷ್ ತಿರುಗಿಸುತ್ತ. "ಆ ನಲವತ್ತೆಂಟು ಜೀವ ದಂಡ ಆಯ್ತು. ಈ ನಲವತ್ತೆಂಟು ಇಲ್ಲಿಗೆ ಬರೋ ಹಾಗೆ ಮಾಡಿದ್ದೂ ನಾನೇ."

ಈಗ ಹೊಸ ನಿಯಮ: ಎಲ್ಲಕ್ಕೂ ಒಂದೇ ನಿಮಿಷ, ಮಾತಿಲ್ಲದೆ. ಕೈ ಬದಲಾಗಬಾರದೆಂದು ಭಾನುವಾರವೂ ರಜೆಯಿಲ್ಲ. ತಂಗಿ ಛೇಡಿಸುತ್ತಾಳಂತೆ: "ಏನಕ್ಕಾ, ನಿನ್ನ ಪಕ್ಕ ಕೂರೋಕೂ ಇನ್ಮೇಲೆ ಗಡಿಯಾರ ತರ್ಬೇಕಾ?"

ಹದಿನೇಳನೆಯ ಡಬ್ಬಿ. ಕಾಗದದ ಚೂರು ಹಾಕಿದ ಹಾಗೇ ಬಿದ್ದಿದೆ. ಮೂಲೆಯಲ್ಲಿದ್ದದ್ದನ್ನು ಎತ್ತಿಕೊಂಡರೆ ಅದು ಹೆಬ್ಬೆರಳ ಸಂದಿಗೆ ಮೂತಿ ತೂರಿಸಿ ಕಣ್ಣು ಮುಚ್ಚುತ್ತದೆ. ಐವತ್ತೆಂಟು, ಐವತ್ತೊಂಬತ್ತು. ಗಡಿಯಾರ ಕೀಂ ಎನ್ನುತ್ತದೆ. ಇಲಿಯಕ್ಕ ಒಂದೊಂದೇ ಉಗುರು ಬಿಡಿಸಿ ಅದನ್ನು ಕೆಳಗಿಳಿಸುತ್ತಾರೆ.

ಏನಾದರೂ ಆಸೆ?

ಹದಿನೆಂಟನೆಯದರ ಮುಚ್ಚಳ ತೆಗೆಯುತ್ತ, ತಿರುಗಿ ನೋಡದೆ ಹೇಳುತ್ತಾರೆ: "ಈ ಸಲ ಈ ಮೂಲೆ ಹಿಡಿದವು ತೇಲ್ಲಿ. ಮೂರನೇ ನಲವತ್ತೆಂಟು ಬರೋದು ಬೇಡ."