ಮುಂಗಾರಿಲ್ಲದ ಊರಿನಲ್ಲಿ ಅವ್ವನ ಹೊಲ

ಈಗ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಡಬ್ಲಿನ್ ಎಂದರೆ ನಿಮಗೆ ಸಾಲುಮನೆ, ಇಂಡಿಯನ್ ಗ್ರೋಸರಿ, ಟ್ರಾಫಿಕ್ಕು. ಎಂಬತ್ತರ ದಶಕದಲ್ಲಿ ಆ ಊರು ದಾಟಿದರೆ ಒಣಹುಲ್ಲಿನ ಗುಡ್ಡ, ದನ, ಮುಳ್ಳುತಂತಿ, ಅಷ್ಟೇ. ಅಲ್ಲೊಂದು ಹಳೆಯ ಮರದ ಮನೆಯನ್ನೂ ಸುತ್ತಲಿನ ಒಂದಿಷ್ಟು ನೆಲವನ್ನೂ ಅಪ್ಪ ಕೊಂಡುಬಿಟ್ಟ. ಅಪಾರ್ಟ್‌ಮೆಂಟಿನಲ್ಲಿ ಉಸಿರು ಕಟ್ಟುತ್ತದೆ ಎಂದು ಸದಾ ಗೊಣಗುತ್ತಿದ್ದವನು ಅವನು. ಉಸಿರು ಕಟ್ಟಿದ್ದು ಅವನಿಗೆ, ಗುಡ್ಡದ ಮೇಲೆ ಇಡೀ ದಿನ ಕೂರಬೇಕಾದವಳು ಅವ್ವ. ಅವನೋ ನಸುಕಿನಲ್ಲೇ ಕಾರು ಹತ್ತಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೊರಟುಬಿಡುತ್ತಿದ್ದ. ಅವ್ವನಿಗೆ ಡ್ರೈವಿಂಗು ಬರುತ್ತಿರಲಿಲ್ಲ.

ಅವ್ವ ಅಣ್ಣಿಗೇರಿ ಕಡೆಯ ಒಕ್ಕಲುಮನೆಯ ಮಗಳು. ಪೆಟ್ಟಿಗೆ ಬಿಚ್ಚುವ ಮೊದಲೇ ಕಡ್ಡಿ ಮುರಿದಂತೆ ಹೇಳಿದಳು: “ನೆಲ ಅದ ಅಂತ ಬಂದೀನಿ. ಬಿತ್ತತೀನಿ. ಬೆಳಿ ಬಂದ್ರ ಇರ್ತೀನಿ. ಇಲ್ಲಾಂದ್ರ ಮಗಳ್ನ ಕರ್ಕೊಂಡು ಊರಿಗೆ ಹೋಗಾಕಿ ನಾ.”

ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅವ್ವ ಸುಮ್ಮಸುಮ್ಮನೆ ಮಾತಾಡುವವಳಲ್ಲ, ಅಪ್ಪನನ್ನು ಬಿಟ್ಟಿರುವುದು ನನ್ನಿಂದ ಆಗುವ ಮಾತಲ್ಲ.

ಮೇ ಮುಗಿಯುವಾಗ ಅವ್ವ ಪಂಚಾಂಗ ತೆಗೆದಳು. “ರೋಹಿಣಿ ಮಳಿಗೆ ಓಣಿಯೆಲ್ಲ ಜೋಳ” ಎನ್ನುತ್ತ ಊರಿಂದ ಗಂಟು ಕಟ್ಟಿ ತಂದಿದ್ದ ಜೋಳ, ಹೆಸರನ್ನು ಹೊರಗಿಟ್ಟಳು. ಮಣ್ಣಿಗೆ ಅರಿಷಿಣ ಕುಂಕುಮ ಹಾಕಿ ಕೈ ಮುಗಿದು ಬಿತ್ತಿದಳು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಆಕಾಶ ನೋಡಿದೆವು. ನೀಲಿ. ಮೃಗಶಿರಾ ಬಂತು, ಹೋಯಿತು. ನೀಲಿ. ಆರಿದ್ರಿಯೂ ಬಂತು. ಹಾಳಾದ್ದು ಮತ್ತೂ ನೀಲಿ!

ಗುಡ್ಡದ ಕೆಳಗೆ ಮಾರಿಯಾ ಎಂಬ ಇಟಲಿಯ ಅಜ್ಜಿ ಇದ್ದಳು. ಒಂದು ದಿನ ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ತಂದುಕೊಟ್ಟು, ನವೆಂಬರ್ ತನಕ ಇಲ್ಲಿ ಮಳೆಯೇ ಇಲ್ಲ ಎಂದಳು. ಇಂಗ್ಲಿಷಿನ ಆ ಮಾತನ್ನು ನಾನು ಅವ್ವನಿಗೆ ಕನ್ನಡದಲ್ಲಿ ದಾಟಿಸಿದೆ.

“ಆಕಿ ಪಂಚಾಂಗ ನೋಡ್ಯಾಳೇನ?” ಎಂದು ಅವ್ವ ಮುಖ ತಿರುಗಿಸಿದಳು.

ಮಳೆ ಬಾರದಿದ್ದರೇನು, ನಾನಿದ್ದೆನಲ್ಲ! ಪಾತ್ರೆ ತೊಳೆದ ನೀರು, ಸ್ನಾನದ ನೀರು, ಬಕೆಟ್ಟಿಗೆ ತುಂಬಿ ಹೊತ್ತೆ. ಸಾಲದ್ದಕ್ಕೆ ಬಾವಿಯ ಪಂಪು ಹಚ್ಚಿ ಪೈಪಿನಲ್ಲೂ ಹಾಯಿಸುತ್ತಿದ್ದೆವು. ಶಾಲೆಗೆ ರಜೆ, ನನಗೆ ಮಾತ್ರ ಜೀತ. ರಟ್ಟೆ ಬಿದ್ದುಹೋಗುತ್ತಿತ್ತು. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದೆ. ಗಿಡಗಳು ಗೇಣುದ್ದ ಎದ್ದವು, ಅದಕ್ಕೇ ಅವ್ವನ ಮುಖ ಅರಳಿತು.

ಆಗಸ್ಟಿನಲ್ಲಿ ಪಂಪು ಕೆಮ್ಮತೊಡಗಿತು. ನಲ್ಲಿಯಲ್ಲಿ ಬರೀ ಗಾಳಿ.

“ಗಿಡಾ ಬೇಕೋ, ಕುಡ್ಯಾಕ ನೀರು ಬೇಕೋ? ಒಂದು ಹೇಳು!” ಅಪ್ಪ ಕೂಗಾಡಿದ.

ಅವ್ವ ಪೈಪು ಸುತ್ತಿಟ್ಟು ಒಳಗೆ ಹೋದಳು. ವಾರ ತುಂಬುವಷ್ಟರಲ್ಲಿ ಗಿಡಗಳು ಗುಡ್ಡದ ಹುಲ್ಲಿನ ಬಣ್ಣಕ್ಕೆ ತಿರುಗಿದವು. ಅವ್ವ ಸೂಟ್‌ಕೇಸು ಇಳಿಸಿದಳು.

“ಅವ್ವಾ, ಐ ಡೋಂಟ್ ವಾಂಟ್ ಟು ಗೋ.”

“ಯಾರಿಗೆ ಬೇಕಾಗೇದ ಹೇಳು? ಆದ್ರ ಇಲ್ಲಿ ಕುಂತು ನಾ ಏನ್ ಮಾಡ್ಲಿ? ಸಾಕಾಗೇದ ನನಗ.”

ದೀಪಾವಳಿ ಮುಗಿಸಿ ಹೊರಡುವುದೆಂದಾಯಿತು. ಟಿಕೆಟ್ಟು ಬಂತು. ಅಪ್ಪ ನನ್ನ ಎದುರು ಬಂದಾಗಲೆಲ್ಲ ಸುಮ್ಮನೆ ತಲೆ ಸವರಿ ಹೋಗುತ್ತಿದ್ದ. ನನಗೆ ಅಳು ಬರುತ್ತಿತ್ತು.

ಹೊರಡಲು ಕೆಲವೇ ದಿನ ಇರುವಾಗ ಒಂದು ಮಧ್ಯಾಹ್ನ ಮಳೆ ಹೊಯ್ಯಿತು. ಬಿರುಕುಬಿಟ್ಟ ನೆಲ ಗಟಗಟ ಕುಡಿದು ಕಪ್ಪಾಯಿತು. ಅವ್ವ ಬರಿಗಾಲಲ್ಲಿ ಹೊರಗೆ ಓಡಿ, ಪಾದಕ್ಕೆ ಅಂಟಿದ ಮಣ್ಣನ್ನು ಬೆರಳಲ್ಲಿ ತೆಗೆದು ಮೂಸಿದಳು.

“ಅಯ್ಯ ಶಿವನ, ಇದು ನಮ್ಮ ಎರಿ ಹೊಲ ಇದ್ದಂಗನ ಅದ! ಈ ಊರಿಗೆ ಮುಂಗಾರಿ ಇಲ್ಲವ್ವಾ, ಬರೇ ಹಿಂಗಾರಿ! ಕಡ್ಲಿ ಡಬ್ಬಿ ತಾ, ಓಡು!”

ನಮ್ಮ ಕಡೆ ಚಳಿ ಬೀಳುವ ಹೊತ್ತಿಗೆ, ಹಸಿ ಆರದ ಕರಿನೆಲಕ್ಕೆ ಕಡಲೆ ಬಿತ್ತುತ್ತಾರೆ. ಅಡುಗೆಮನೆಯ ಕಡಲೆಯನ್ನೆಲ್ಲ ಮರುದಿನವೇ ಬಿತ್ತಿಬಿಟ್ಟೆವು. ಸಂಜೆ ಅಪ್ಪ ಕಾರಿನಿಂದ ಇಳಿದು, ಮೊಣಕಾಲುದ್ದ ಕೆಸರಾಗಿದ್ದ ನಮ್ಮಿಬ್ಬರನ್ನೂ ನೋಡಿದ.

“ಮತ್ತ ಟಿಕೆಟ್ಟು?”

“ಬಿತ್ತಿದಾಕಿ ಕೊಯ್ಯದ ಹೋಗ್ತಾಳೇನ್ರಿ?” ಎಂದಳು ಅವ್ವ.

ಅಪ್ಪ ಒಳಗೆ ಹೋಗಿ ಚಹಾ ಮಾಡಿ ತಂದ. ಅವನು ಚಹಾ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಏಪ್ರಿಲ್‌ನಲ್ಲಿ ಹಸಿ ಕಡಲೆ ಸುಲಿದು ತಿಂದೆವು. ಎಲೆ ಮುಟ್ಟಿದ ಬೆರಳು ನೆಕ್ಕಿದರೆ ಹುಳಿ. ಮಾರಿಯಾ ಅಜ್ಜಿಗೂ ಒಂದು ಬುಟ್ಟಿ ಹೋಯಿತು. ಹಾಗೆ ಒಂದೊಂದು ಬೆಳೆಯ ನೆಪದಲ್ಲಿ ಅವ್ವ ಅಲ್ಲೇ ಉಳಿದಳು.

ಆ ಗುಡ್ಡವೆಲ್ಲ ಈಗ ಮನೆಗಳು. ಅಪ್ಪ ಇಲ್ಲ. ಅವ್ವ ನನ್ನ ಜೊತೆಗಿದ್ದಾಳೆ, ಸಿಮೆಂಟಿನ ಹಿತ್ತಲಿನ ಟೌನ್‌ಹೌಸಿನಲ್ಲಿ. ಹೋದ ನವೆಂಬರಿನಲ್ಲಿ ಮೊದಲ ಮಳೆ ಬಿದ್ದಾಗ ಲ್ಯಾಪ್‌ಟಾಪಿನ ಮೀಟಿಂಗು ಬಿಟ್ಟು ಎದ್ದು ಹೋಗಿ, ಕಿಟಕಿ ತೆರೆದು ಹೇಳಿದೆ, “ಅವ್ವಾ, ಹಿಂಗಾರಿ ಬಂತು ನೋಡು!”

ಅವ್ವ ಸೋಫಾದಿಂದ ಏಳಲಿಲ್ಲ.

“ಕಿಟಕಿ ಹಾಕವ್ವಾ, ಥಂಡಿ ಆಗ್ತದ.”

ಹಾಕಿದೆ.