ಬೆಟ್ಟ ತೋರಿಸದ ಗಡಿಯಾರ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ವಿಷಯವಲ್ಲ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ. ಒಂದಕ್ಕೆ ಹತ್ತು ಸೇರಿಸುವವಳು ಅಂತ ಊರಲ್ಲಿ ನನಗೆ ಹೆಸರಿದೆ, ಆದರೆ ಇದು ಕಣ್ಣಾರೆ ಕಂಡದ್ದು.

ಸುಂಟಿಕೊಪ್ಪದ ನಮ್ಮ ಪಕ್ಕದ ಎಸ್ಟೇಟಿನ ಸಾವುಕಾರ್ರು ತೋಟಕ್ಕೆ ಔಷಧಿ ಹೊಡೆಸಲು ಹೆಲಿಕಾಪ್ಟರ್ ತರಿಸಿದ್ದರು. ಕಾಫಿ ಒಣಗಿಸುವ ಕಣದಲ್ಲೇ ಅದನ್ನು ಇಳಿಸಿದ್ದರು. ಪೈಲಟ್‌ಗೆ ಕಡುಬು ಕೊಡಲು ಹೋದ ನಾನು ಹೆಲಿಕಾಪ್ಟರಿನ ಒಳಗೆ ಇಣುಕಿದರೆ ಬರೀ ಗಡಿಯಾರಗಳು.

"ಇದು ಎತ್ತರ ತೋರಿಸುತ್ತೆ ಅಮ್ಮ," ಎಂದು ಪೈಲಟ್ ಒಂದರತ್ತ ಬೆರಳು ಮಾಡಿದ. ನೆಲದ ಮೇಲೆ ಕೂತೇ ಮುಳ್ಳು ಮೂರು ಸಾವಿರ ಅಡಿ ತೋರಿಸುತ್ತಿತ್ತು. ಕೇಳಿದರೆ, "ಅದು ಸಮುದ್ರದಿಂದ ಲೆಕ್ಕ."

"ಇಲ್ಲಿ ಸಮುದ್ರ ಯಾರಿಗೆ ಬೇಕು ಮಾರಾಯ? ಎದುರಿನ ಬೆಟ್ಟ ಯಾವುದರಲ್ಲಿ ಕಾಣುತ್ತೆ?"

"ಬೆಟ್ಟವನ್ನು ಕಣ್ಣಲ್ಲೇ ನೋಡಬೇಕು. ಇವತ್ತು ಮಂಜಿದೆ, ನಾನು ಹಾರುವುದಿಲ್ಲ."

ಅಷ್ಟರಲ್ಲಿ ಸಾವುಕಾರ್ರು ಬಂದರು. "ಮಳೆ ಹಿಡಿದರೆ ಔಷಧಿ ದಂಡ. ಹೆದರಿಕೆಯಾದರೆ ಹೇಳು, ಗಂಡಸನ್ನು ಕರೆಸುತ್ತೇನೆ," ಎಂದರು. ಅವನು ಕಡುಬು ಬಿಟ್ಟು ಎದ್ದ, ಮಂಜಿನಲ್ಲೇ ಹಾರಿದ. ಸ್ವಲ್ಪ ಹೊತ್ತಿಗೆ ಬೆಟ್ಟದ ಕಡೆಯಿಂದ ಒಂದು ಸದ್ದು ಬಂತು, ಆಮೇಲೆ ಏನೂ ಕೇಳಿಸಲಿಲ್ಲ.

ಹೆಣ ಕೆಳಗೆ ತರುವ ಮೊದಲೇ ಸಾವುಕಾರ್ರ ಹೆಂಡತಿ ಗಂಗಮ್ಮ, ಪೈಲಟ್ ಕುಡಿದಿದ್ದ ಅಂತ ಸುದ್ದಿ ಹಬ್ಬಿಸಿದಳು. ಅವನ ತಾಯಿ ಬಂದವಳು ಆ ಮಾತು ಕೇಳಿ ತಲೆ ಎತ್ತದೆ ಹೋದಳು. ನನಗೆ ತಡೆಯಲಾಗಲಿಲ್ಲ. ಕಂಡದ್ದನ್ನು ಮನೆಮನೆಗೂ ಹೇಳಿದೆ, ಪೊಲೀಸರಿಗೂ ಹೇಳಿದೆ.

ಗಂಗಮ್ಮ ಬೇಲಿ ಹತ್ತಿರ ಸಿಕ್ಕಿ ನನ್ನ ಮುಖಕ್ಕೇ ಹೇಳಿದಳು: "ಬೇರೆ ಯಾರಾದರೂ ಕಂಡಿದ್ದರೆ ನಮಗೆ ಭಯವಿತ್ತು ಅಕ್ಕ. ಕಂಡವಳು ನೀನಾದ್ದರಿಂದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ."