ಓಣಿಯಲ್ಲಿ ಯಾರಿಗೂ ಬಿ.ಪಿ. ಇಲ್ಲ

ಕುಲಗೋಡದ ಸತ್ತೆವ್ವ ಯಾರನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಬಸ್ಸಿನ ಬೋರ್ಡು ಓದಿಸಿಕೊಂಡ ಮೇಲೂ ಇನ್ನಿಬ್ಬರನ್ನು ಕೇಳಿಯೇ ಹತ್ತುತ್ತಾಳೆ. ಗಂಡ ಕೇದಾರಿ ತೀರಿಹೋದ ಮೇಲೆ ಇಪ್ಪತ್ತು ವರ್ಷ ಕಂಡವರ ಕಬ್ಬಿನಲ್ಲಿ ಕಳೆ ತೆಗೆದು ಎರಡು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು. ಅನುಮಾನ ಅವಳನ್ನು ಕಾಯ್ದಿದೆ, ತಪ್ಪೇನು?

ಅಂಥವಳ ಓಣಿಗೆ ಸಮೀಕ್ಷೆಯವರು ಬರುತ್ತಾರೆಂದು ಸುದ್ದಿಯಾಯಿತು. ಯಾರ ಆದಾಯ ಎಷ್ಟು, ಯಾರಿಗೆ ಯಾವ ರೋಗ, ಎರಡನ್ನೂ ಜೋಡಿಸಿ ನೋಡುತ್ತಾರಂತೆ. ಆದಾಯಕ್ಕೂ ರೋಗಕ್ಕೂ ಎತ್ತಣ ಸಂಬಂಧ? ಇದು ರೇಷನ್ ಕಾರ್ಡು ಕಸಿಯುವ ಹೊಸ ಹುನ್ನಾರವೆಂದು ಸತ್ತೆವ್ವ ಆಗಲೇ ತೀರ್ಮಾನಿಸಿದಳು. ಊರಲ್ಲಿ ಬಿ.ಪಿ. ಇರುವುದು ದೊಡ್ಡ ಮನೆಯ ಮುರಿಗೆಪ್ಪನಿಗೆ, ಅವನ ಹೆಂಡತಿ ಬಾಳವ್ವನಿಗೆ. ತುಪ್ಪ ಉಂಡು ಕೂತವರ ರೋಗ ಅದು. ನನಗೂ ಇದೆ ಎಂದು ಬರೆಸಿದರೆ ರೊಕ್ಕ ಇದೆ ಎಂದು ಒಪ್ಪಿಕೊಂಡಂತೆ, ಉಣ್ಣುವ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ! ಏನು ಕೇಳಿದರೂ ಇಲ್ಲ ಅನ್ನಿ, ತೋಳು ಮಾತ್ರ ಕೊಡಬೇಡಿ ಎಂದು ಓಣಿಯ ಹೆಂಗಸರಿಗೆಲ್ಲ ಹಿಂದಿನ ದಿನವೇ ಹೇಳಿಕೊಟ್ಟಳು.

ಹಾಗೆ ನೋಡಿದರೆ ಬಿ.ಪಿ. ಅವಳಿಗೂ ಇತ್ತು. ಹೋದ ವರ್ಷ ಗೋಕಾಕದ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದರು. ಪುಕ್ಕಟೆ ಗುಳಿಗೆ ಮುಗಿದಿವೆ ಎಂದು ಎರಡು ಸಲ ಬರಿಗೈಯಲ್ಲಿ ಕಳಿಸಿದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಬೆಳಗ್ಗೆ ಎದ್ದರೆ ತಲೆ ಸಿಡಿಯುತ್ತದೆ.

ಮರುದಿನ ಯಮಕನಮರಡಿಯ ಸುಮನ ಎಂಬ ಹುಡುಗಿ ಟ್ಯಾಬ್ ಹಿಡಿದು ಮನೆಮನೆ ಸುತ್ತಿ ಕೊನೆಗೆ ಸತ್ತೆವ್ವನ ಮನೆಗೆ ಬಂದಳು. ಕೇಳಿದ್ದಕ್ಕೆಲ್ಲ ಇಲ್ಲ ಎಂಬ ಉತ್ತರ. ಬಿ.ಪಿ. ಅಳೆಯುವ ಪಟ್ಟಿ ತೆಗೆದದ್ದೇ ಸತ್ತೆವ್ವ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೆಸರು, ಕಾರ್ಡಿನ ನಂಬರು ಯಾವುದೂ ಬೇಕಿಲ್ಲವೆಂದು ಸುಮನ ಎಷ್ಟು ಹೇಳಿದರೂ ಕೇಳಲಿಲ್ಲ. ಬೇಸತ್ತು ಎದ್ದ ಹುಡುಗಿ ಬಾಗಿಲಲ್ಲಿ ನಿಂತಳು.

“ಕಾಕು, ಈ ಓಣ್ಯಾಗ ಒಬ್ಬರಿಗೂ ಬಿ.ಪಿ. ಇಲ್ಲಂತ. ಹಿಂಗ ಬರಕೊಂಡು ಹೋದ್ರ, ರೋಗ ಎಲ್ಲಾ ರೊಕ್ಕ ಇದ್ದೋರಿಗೆ, ಕೂಲಿಯವ್ರು ಗಟ್ಟಿ ಅದಾರ ಅಂತ ಲೆಕ್ಕ ಬರತೈತಿ. ಮತ್ತ ಇತ್ಲಾಗ ಗುಳಿಗಿ ಯಾಕ ಕಳಸ್ತಾರ್ರಿ?”

ಸತ್ತೆವ್ವ ಅವಳ ಮುಖವನ್ನೇ ದುರುಗುಟ್ಟಿ ನೋಡಿದಳು. ಇದೂ ಒಂದು ಮೋಸವೇ? ಆದರೆ ಗುಳಿಗೆ ಮುಗಿದದ್ದು ಖರೆ, ಬರಿಗೈಯಲ್ಲಿ ಬಂದದ್ದೂ ಖರೆ. ಓಣಿಯ ಬಾಯಿ ಕಟ್ಟಿದವಳು ತಾನೇ ಎಂಬುದೂ ನೆನಪಾಯಿತು. ಟ್ಯಾಬಿನಲ್ಲಿ ಬರೆದದ್ದನ್ನೆಲ್ಲ ಎರಡೆರಡು ಸಲ ಓದಿಸಿ, ಹೆಸರಿಲ್ಲವೆಂದು ಖಾತ್ರಿಯಾದ ಮೇಲೆ ತೋಳು ಚಾಚಿದಳು. ನೂರಾ ತೊಂಬತ್ತು ಬಂತು. ಸುಮನ ಗಾಬರಿಯಾಗಿ ಇವತ್ತೇ ಗೋಕಾಕಕ್ಕೆ ಹೋಗಲು ಹೇಳಿದಳು.

ಸತ್ತೆವ್ವ ಮೊದಲು ಹೋದದ್ದು ಪಕ್ಕದ ಮನೆಯ ಶೋಭಾಳ ಹತ್ತಿರ. ಹೋದ ವಾರವಷ್ಟೇ ಕಬ್ಬಿನ ಸಾಲಿನಲ್ಲಿ ತಲೆ ತಿರುಗಿ ಬಿದ್ದವಳು ಆಕೆ. ಸುಮನಳನ್ನು ಬೆನ್ನಿಗೆ ಕರೆದುಕೊಂಡು ಕದ ಬಡಿದಳು.

“ಶೋಭಾ, ನಿನ್ನೆ ನಾ ಹೇಳಿದ್ದು ತಪ್ಪೈತಿ. ತೋಳ ಕೊಡು ಬಾ.”

ಒಳಗೆ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ಶೋಭಾ ಒಳಗಿನಿಂದಲೇ ಕೇಳಿದಳು:

“ನಿನಗೆಷ್ಟ ರೊಕ್ಕ ಕೊಟ್ರು, ಸತ್ತೆವ್ವಾ?”